ಜ್ವರಕ್ಕೆ ಕೂತ ಮೊಟ್ಟೆ

ನಮ್ಮತ್ತೆ ಅಮ್ಮಯಮ್ಮನಿಗೆ ತಿಳಿಯದ ವಿಷಯ ಈ ಭೂಮಿಯ ಮೇಲಿಲ್ಲ. ಇದು ನನ್ನ ಮಾತಲ್ಲ, ಅವರದೇ. ನಾನು ಮದುವೆಯಾಗಿ ಅರಿಶಿನಕುಂಟೆಯಿಂದ ದೇವನಹಳ್ಳಿ ಕಡೆಯ ವಿಜಯಪುರದ ಪಕ್ಕದ ಈ ಊರಿಗೆ ಬಂದ ಮೊದಲ ವಾರದಲ್ಲೇ ನನಗೆ ಅನ್ನ ಬಸಿಯಲು ಬರುವುದಿಲ್ಲ, ಅಂಗಳ ಗುಡಿಸಲು ಬರುವುದಿಲ್ಲ, ನೆಟ್ಟಗೆ ನಲ್ಲಿ ನಿಲ್ಲಿಸಲೂ ಬರುವುದಿಲ್ಲ ಎಂದು ತೀರ್ಮಾನವಾಗಿಹೋಯಿತು. ನಾನೂ ಸುಮ್ಮನಿರುವವಳಲ್ಲ. ಹೈವೇ ಪಕ್ಕ ಬೆಳೆದವಳು, ಲಾರಿ ಹಾರನ್ನಿಗಿಂತ ಜೋರಾಗಿ ಮಾತಾಡಿ ಅಭ್ಯಾಸ. ನಮ್ಮಿಬ್ಬರ ನಡುವೆ ಸಿಕ್ಕಿಬಿದ್ದ ನಮ್ಮನೆಯವರು ಬೈರೇಶ್, ಮನೆಯಲ್ಲಿರುವಷ್ಟು ಹೊತ್ತೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಇರುತ್ತಾರೆ. ಎಷ್ಟೋ ಸಲ ಅದರಲ್ಲಿ ಹಾಡೇ ಇರುವುದಿಲ್ಲ.

ಆದರೆ ಒಂದು ವಿಷಯದಲ್ಲಿ ನಾನು ಮಾತ್ರವಲ್ಲ, ಊರೇ ಅತ್ತೆಗೆ ಎದುರಾಡುವುದಿಲ್ಲ. ಅದು ಅವರ ಕೈಗುಣ. ಅವರು ವರ್ಷಾನುಗಟ್ಟಲೆ ಚಾಕಿ ಸಾಕಿದವರು. ಮೊಟ್ಟೆಯೊಡೆದು ಬಂದ ಇರುವೆಯಷ್ಟು ರೇಷ್ಮೆಹುಳುವನ್ನು ಕೋಳಿಪುಕ್ಕದಲ್ಲಿ ಮೆಲ್ಲಗೆ ಗುಡಿಸಿಕೊಂಡು, ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ, ತಟ್ಟೆಯ ಸುತ್ತ ಒದ್ದೆ ಸ್ಪಂಜಿನ ಪಟ್ಟಿ ಇಟ್ಟು, ಬೆಚ್ಚಗೆ ತೇವವಾಗಿ ಕಾಪಾಡಿ, ಎರಡು ಜ್ವರ ದಾಟಿಸಿ ರೈತರ ಕೈಗೆ ಕೊಡುವ ಕೆಲಸ ಅದು. ಹುಳು ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ ತಲೆಯೆತ್ತಿ ಅಲುಗಾಡದೆ ಕೂರುತ್ತದಲ್ಲ, ಅದಕ್ಕೆ ಇಲ್ಲಿನವರು ಜ್ವರ ಅನ್ನುತ್ತಾರೆ. ಅಮ್ಮಯಮ್ಮನ ಕೈದಾಟಿದ ಹುಳುವಿಗೆ ರೋಗ ಬರುವುದಿಲ್ಲ ಎಂದು ರೈತರು ಮೊದಲೇ ತಮ್ಮ ಪಾಲಿನ ಹುಳುವಿಗೆ ಹೇಳಿಟ್ಟು ಹೋಗುತ್ತಿದ್ದರು. ಇನ್ನು ಕೂಸುಗಳ ವಿಷಯ. ಊರಲ್ಲಿ ಬಾಣಂತಿ ಮನೆಗೆ ಬಂದರೆ ಮಗುವಿಗೆ ನೀರು ಹಾಕಲು ಕರೆ ಬರುತ್ತಿದ್ದದ್ದು ಇವರಿಗೇ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಬಿಸಿನೀರು ಸುರಿದು ತಿಕ್ಕಿದರೆ ಮಗು ಮಧ್ಯಾಹ್ನದವರೆಗೂ ಕಣ್ಣು ಬಿಡುತ್ತಿರಲಿಲ್ಲ. ಬೈರೇಶ್ ಜೊತೆ ಆಡಿದ ಗಂಡಸರು ಈಗಲೂ ದಾರಿಯಲ್ಲಿ ಸಿಕ್ಕರೆ ಅವರ ಮುಂದೆ ತಗ್ಗಿ ನಿಲ್ಲುತ್ತಾರೆ. ಎಲ್ಲರನ್ನೂ ತಿಕ್ಕಿದ ಕೈ ಅದು.

ಆಮೇಲೆ ಊರೂರಿಗೆ ದೊಡ್ಡ ಚಾಕಿ ಕೇಂದ್ರಗಳು ಬಂದವು, ಅತ್ತೆಗೂ ಮಂಡಿನೋವು ಬಂತು, ಹಿತ್ತಲಿನ ಹುಳುಮನೆ ಖಾಲಿ ಬಿತ್ತು. ಒಳ್ಳೆಯ ಮನೆ, ಎತ್ತರದ ಮಾಡು, ಎದುರುಬದುರು ಕಿಟಕಿ, ಇರುವೆ ಹತ್ತದ ಕಟ್ಟೆ. ನಾನು ಅದರಲ್ಲಿ ಗಿಣಿ ಸಾಕುತ್ತೇನೆ ಎಂದೆ.

"ಗಿಣಿ ಸಾಕ್ತಾಳಂತೆ ಗಿಣಿ! ಭವಿಷ್ಯ ಹೇಳೋಕೆ ಕೂರ್ತೀಯೇನೇ ಬಸ್‌ಸ್ಟ್ಯಾಂಡಲ್ಲಿ?" ಎಂದರು ಅತ್ತೆ.

"ಮೊದ್ಲು ನಿಮ್ದೇ ಹೇಳ್ತೀನಿ ಬನ್ನಿ ಅತ್ತೆ, ಸೊಸೆ ಮಾತು ಕೇಳ್ಬೇಕು ಅಂತ ಬಂದಿದೆ," ಎಂದೆ.

ನಮ್ಮ ನಾಡಿನ ಹಸಿರು ಗಿಣಿಯನ್ನು ಪಂಜರದಲ್ಲಿಟ್ಟರೆ ಕೇಸಾಗುತ್ತದೆ. ನಾನು ತಂದದ್ದು ಹೊರದೇಶದ ಜೋಡಿ, ಸನ್ ಕನ್ಯೂರ್ ಎನ್ನುತ್ತಾರೆ. ಅರ್ಜಿ ಹಾಕಿಕೊಂಡು ಸಾಕಬಹುದು. ಮೈಯೆಲ್ಲ ಹಳದಿ, ಕೆನ್ನೆಯಲ್ಲಿ ಕೆಂಪು, ಗಂಟಲು ಮಾತ್ರ ನನ್ನದೇ. ಕೊಟ್ಟವರು ವಿಜಯಪುರದ ಮಸ್ತಾನಣ್ಣ. ನೂಲು ಬಿಚ್ಚುವ ಕಸುಬಿನವರು, ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಅತ್ತೆ ಸಾಕಿಕೊಟ್ಟ ಹುಳುವಿನ ಗೂಡು ಕೊಂಡು ಪರಿಚಯವಾದವರು, ಮಾಳಿಗೆಯ ಮೇಲೆ ಗಿಣಿಗಳದೇ ಒಂದು ಮೊಹಲ್ಲಾ ಕಟ್ಟಿದವರು. ಅತ್ತೆ ಜೋಡಿಯನ್ನು ನೋಡಿ ಮೂಗು ಮುರಿದರು, ಅರಿಶಿನದ ಗಿಣಿ ಎಂದು ಹೆಸರಿಟ್ಟರು, ಮೂರೇ ದಿನಕ್ಕೆ ತಮ್ಮ ಪಾಲಿನ ಸೀಬೆಹಣ್ಣನ್ನು ಅದಕ್ಕೆ ತಿನ್ನಿಸತೊಡಗಿದರು.

ಹೆಣ್ಣು ಮೊಟ್ಟೆಯಿಟ್ಟಿತು, ಆದರೆ ಕಾವಿಗೆ ಕೂರಲಿಲ್ಲ. ಹೊಸ ಜೋಡಿ, ತಾಯಿಗೆ ಇನ್ನೂ ಆಟದ ಬುದ್ಧಿ. ಮೊಟ್ಟೆಯನ್ನು ಗೂಡುಪೆಟ್ಟಿಗೆಯ ಮೂಲೆಗೆ ಒದ್ದು ಹೊರಗೆ ಬಂದು ಕೂಗುತ್ತ ಕೂತಿತು. ಬೈರೇಶ್ ಥರ್ಮಾಕೋಲ್ ಡಬ್ಬದಲ್ಲಿ ಬಲ್ಬು ಕಟ್ಟಿ, ಶಾಖ ಹೆಚ್ಚಾದರೆ ತಾನೇ ಆರುವ ಹಾಗೆ ಮಾಡಿ, ಒಂದು ಕಾವುಪೆಟ್ಟಿಗೆ ತಯಾರಿಸಿಕೊಟ್ಟರು. ನಾನು ಬೆಳಗ್ಗೆ ದೇವನಹಳ್ಳಿಯ ಮೆಡಿಕಲ್ ಶಾಪಿನ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಹಗಲಲ್ಲಿ ಮೊಟ್ಟೆ ಹೊರಳಿಸುವ ಕೆಲಸವನ್ನು ಅತ್ತೆ ತಾವಾಗಿಯೇ ತೆಗೆದುಕೊಂಡರು. ಅವರ ಕೈ ಬಿದ್ದಮೇಲೆ ಇನ್ನೇನು, ಎಲ್ಲವೂ ಮರಿಯಾದ ಹಾಗೇ ಎಂದು ನಾನು ಮಸ್ತಾನಣ್ಣನಿಗೆ ಫೋನಿನಲ್ಲಿ ಜಂಬ ಕೊಚ್ಚಿದ್ದೆ.

ಒಂದೂ ಮರಿಯಾಗಲಿಲ್ಲ. ದಿನ ತುಂಬಿದ ಮೇಲೂ ಮೊಟ್ಟೆಗಳು ಸುಮ್ಮನಿದ್ದವು. ಕೊನೆಗೆ ಒಡೆದು ನೋಡಿದರೆ ಒಳಗೆ ಪೂರ್ತಿ ಬೆಳೆದ ಮರಿಗಳು, ಕೊಕ್ಕು ಮೂಡಿದೆ, ಉಗುರು ಮೂಡಿದೆ, ಜೀವವಿಲ್ಲ. ನನಗೆ ಅಳು ಬಂತು. ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ. ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಗುಂಡಿ ತೋಡಿ ಹೂತು, ಕೈ ತೊಳೆದು, ಆ ಕೈಯನ್ನೇ ಬಹಳ ಹೊತ್ತು ನೋಡುತ್ತ ನಿಂತರು.

"ನನ್ ಕೈ ಕೆಟ್ಟೋಯ್ತು," ಎಂದರು.

ಮುನಿಸಿಕೊಂಡು ಆಡಿದ ಮಾತು, ನಾಳೆಗೆ ಸರಿಹೋಗುತ್ತದೆ ಎಂದುಕೊಂಡೆ. ಸರಿಹೋಗಲಿಲ್ಲ. ನನ್ನ ನಾದಿನಿ ರಂಜಿತ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಆಸ್ಪತ್ರೆಯಲ್ಲಿ ಹೆಣ್ಣುಮಗುವಾಗಿ ಮನೆಗೆ ಕರೆತಂದ ದಿನ, ಆರತಿ ಎತ್ತಿ ಒಳಗೆ ಬಿಟ್ಟುಕೊಂಡ ಅತ್ತೆ ಮಗುವನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ನೀರು ಹಾಕಲು ಪಕ್ಕದ ಬೀದಿಯ ಬೈಲಪ್ಪನ ಹೆಂಡತಿಗೆ ಹೇಳಿ ಕಳಿಸಿದ್ದರು.

"ಊರ್ ಮಕ್ಳಿಗೆಲ್ಲ ನೀನೇ ನೀರ್ ಹಾಕ್ದೆ, ನನ್ ಮಗೀಗೆ ಬೇರೆಯವ್ರು ಹಾಕ್ಬೇಕಾ ಅಮ್ಮ?" ಎಂದು ರಂಜಿತ ಕೇಳಿದಳು.

"ನಿನ್ ಮಗು ಚೆನ್ನಾಗಿರ್ಬೇಕು ಅಂತ್ಲೇ ಕಣವ್ವ," ಎಂದು ಅತ್ತೆ ಅಡುಗೆಮನೆಗೆ ಹೋದರು.

ದಿನವೂ ಬೆಳಗ್ಗೆ ಬಚ್ಚಲಲ್ಲಿ ಬೈಲಪ್ಪನ ಹೆಂಡತಿ ಮಗುವಿಗೆ ನೀರು ಹಾಕುವಾಗ ಅತ್ತೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಎರಡು ಕೈಗಳನ್ನೂ ಸೆರಗಿನೊಳಗೆ ಸುತ್ತಿಕೊಂಡಿರುತ್ತಿದ್ದರು. ತಲೆ ಸರಿಯಾಗಿ ಹಿಡಿ, ಕಿವಿಗೆ ನೀರು ಹೋದೀತು ಎಂದು ಬಾಯಲ್ಲಿ ಹೇಳುತ್ತಿದ್ದರು, ಹೊಸ್ತಿಲು ದಾಟುತ್ತಿರಲಿಲ್ಲ. ಜಗಳಗಂಟಿ ಅತ್ತೆಯನ್ನು ನಾನು ಎದುರಿಸಬಲ್ಲೆ. ಸೆರಗಲ್ಲಿ ಕೈ ಬಚ್ಚಿಟ್ಟುಕೊಂಡು ನಿಂತ ಅತ್ತೆಯನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಎರಡನೇ ಸಲ ಇಟ್ಟ ಮೊಟ್ಟೆಗಳು ಆಗಲೇ ಕಾವುಪೆಟ್ಟಿಗೆಯಲ್ಲಿದ್ದವು. ಇವುಗಳಿಂದ ಒಂದಾದರೂ ಮರಿ ಜೀವಂತ ಹೊರಗೆ ಬರಬೇಕು, ಬಂದರೆ ಅತ್ತೆ ಮೊಮ್ಮಗಳನ್ನು ಮುಟ್ಟುತ್ತಾರೆ, ಇಲ್ಲದಿದ್ದರೆ ಇಲ್ಲ ಎಂದು ನನಗೆ ಖಚಿತವಾಗಿತ್ತು.

ಈ ಸಲ ಅತ್ತೆ ಮೊಟ್ಟೆ ಮುಟ್ಟುವುದಿಲ್ಲವೆಂದು ಮೊದಲೇ ಹೇಳಿಬಿಟ್ಟಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಬೈರೇಶ್ ಹಗಲಲ್ಲಿ ಎದ್ದು, ಅರ್ಧ ಕಣ್ಣು ಮುಚ್ಚಿಕೊಂಡೇ ಹೊರಳಿಸಿ ಮತ್ತೆ ಹೋಗಿ ಮಲಗುತ್ತಿದ್ದರು. ನಾಲ್ಕು ಮೊಟ್ಟೆಗಳಲ್ಲೂ ಜೀವ ಕಟ್ಟಿತ್ತು. ಟಾರ್ಚ್ ಹಿಡಿದರೆ ಒಳಗೆ ಕೆಂಪು ನರಗಳು ಕಾಣುತ್ತಿದ್ದವು. ಹೀಗಿರುವಾಗ ಒಂದು ಬೆಳಗ್ಗೆ ಒಂದರಲ್ಲಿ ನರಗಳು ಕಾಣಲಿಲ್ಲ. ಅದನ್ನು ಹತ್ತಿಯಲ್ಲಿ ಸುತ್ತಿ, ಕೆಲಸಕ್ಕೆ ರಜೆ ಹೇಳಿ, ಬಸ್ಸು ಹತ್ತಿ ಸೀದಾ ಮಸ್ತಾನಣ್ಣನ ಮನೆಗೆ ಹೋದೆ.

ಅವರು ಮೊಟ್ಟೆಯನ್ನು ಅಂಗೈಯಲ್ಲಿ ತೂಗಿ ನೋಡಿದರು. ಆಮೇಲೆ ದಪ್ಪ ತುದಿಯಲ್ಲಿ ಚಿಪ್ಪು ಬಿಡಿಸಿದರು. ಒಳಗೆ ಜೌಗು ಹಿಡಿದಂತೆ ನೀರೇ ನೀರು.

"ನೀರ್ ಇಡ್ತಿದೀಯೇನಮ್ಮ ಪೆಟ್ಟಿಗೇಲಿ?"

"ಇಲ್ಲಣ್ಣ. ಒಂದು ಹನಿನೂ ಇಲ್ಲ."

"ಮೊಟ್ಟೆ ಸುಳ್ಳು ಹೇಳಲ್ಲಮ್ಮ. ನೋಡು, ಗಿಣಿ ಮೊಟ್ಟೆ ದಿನಾ ಒಂಚೂರು ಒಣಗ್ಬೇಕು. ಇಲ್ಲಿ ದಪ್ಪ ಕಡೆ ಗಾಳಿ ಜಾಗ ಇರ್ತದೆ, ಮೊಟ್ಟೆ ಒಣಗ್ದಂಗೆಲ್ಲ ಅದು ದೊಡ್ಡದಾಗ್ಬೇಕು. ಮರಿ ಮೊದ್ಲು ಉಸ್ರು ಎಳ್ಕೊಳ್ಳೋದೇ ಅದ್ರಲ್ಲಿ. ನೀರಿನ ಪಸೆ ಜಾಸ್ತಿ ಆದ್ರೆ ಜಾಗ ಬೆಳಿಯಲ್ಲ, ಮರಿ ಒಳಗೇ ಮುಳುಗಿ ಹೋಗ್ತದೆ. ಪೆನ್ಸಿಲ್ಲಲ್ಲಿ ಗೆರೆ ಎಳ್ದು ನೋಡ್ಕೊ. ಮರಿ ಚಿಪ್ಪು ಒಡೆಯೋಕೆ ಶುರು ಮಾಡ್ತಿದ್ದಂಗೆ ನಂಗೆ ಫೋನ್ ಮಾಡು, ಆವಾಗಿನ ಕೆಲಸ ಬೇರೆ."

ಮಧ್ಯಾಹ್ನವೇ ಮನೆಗೆ ವಾಪಸಾದೆ. ಬೈರೇಶ್ ಗೊರಕೆ ಹೊಡೆಯುತ್ತಿದ್ದರು. ಹುಳುಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ನೋಡಿದರೆ ಅತ್ತೆ ಕಾವುಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಬಟ್ಟಲು. ಬಟ್ಟಲಲ್ಲಿ ಅವರ ಹಳೇ ಚಾಕಿ ತಟ್ಟೆಯ ಸ್ಪಂಜಿನ ಪಟ್ಟಿಗಳು, ನೀರು ತೊಟ್ಟಿಕ್ಕುತ್ತಿವೆ. ಅವನ್ನು ಒಂದೊಂದಾಗಿ ಕಡ್ಡಿಯ ತುದಿಯಿಂದ ಮೊಟ್ಟೆಗಳ ಕೆಳಗಿನ ಜಾಲರಿಯಡಿ ತಳ್ಳುತ್ತಿದ್ದಾರೆ.

"ಅತ್ತೆ!" ಎಂದು ನಾನು ಕೂಗಿದ ರಭಸಕ್ಕೆ ಪಂಜರದ ಜೋಡಿಯೂ ಕೂಗಿಕೊಂಡಿತು.

ಅವರು ಬೆಚ್ಚಲಿಲ್ಲ. "ಮೊಟ್ಟೆ ಮುಟ್ಟಿಲ್ಲ ಕಣೇ ನಾನು. ಕಡ್ಡೀಲಿ ಇಡ್ತಿದೀನಿ. ಆ ಬಲ್ಬ್ ಶಾಖಕ್ಕೆ ಎಳೆ ಜೀವ ಒಣಗಿ ಸಾಯ್ತವೆ. ಹೋದ ಸಲ ಎರಡೇ ಪಟ್ಟಿ ಇಟ್ಟಿದ್ದೆ, ಈ ಸಲ ನಾಲ್ಕು ಇಡ್ತಿದೀನಿ. ಸಂಜೆ ಗಾಳಿ ಆಡ್ಲಿ ಅಂತ ತೆಗೀತೀನಿ."

ಹಾಗಾಗಿಯೇ ಸಂಜೆ ಬರುವ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಚಾಕಿ ಹುಳುವಿಗೆ ಬೇಕಾದದ್ದು ಗಿಣಿ ಮೊಟ್ಟೆಗೆ ವಿಷ ಎಂದೆ, ಮಸ್ತಾನಣ್ಣ ಹೇಳಿದ್ದೆಲ್ಲವನ್ನೂ ಒಂದೇ ಉಸಿರಿಗೆ ಅವರ ಮುಂದೆ ಸುರಿದೆ. ಸುರಿಯುತ್ತಲೇ ನನಗೊಂದು ವಿಷಯ ಹೊಳೆಯಿತು, ಕೋಪ ಅರ್ಧಕ್ಕೆ ಇಳಿಯಿತು. ಅವರ ಎದುರು ನೆಲದ ಮೇಲೆ ಕೂತೆ.

"ಅತ್ತೆ, ನಿಮ್ ಕೈ ಕೆಟ್ಟಿಲ್ಲ. ನೀರ್ ಹೆಚ್ಚಾಗಿತ್ತು, ಅಷ್ಟೇ. ಹೋಗಿ ಮಗೂನ ಎತ್ಕೊಳ್ಳಿ."

ಅವರ ಮುಖ ಅರಳುತ್ತದೆ ಎಂದು ಕಾದೆ. ಬದಲಿಗೆ ಕೆಂಪಾಯಿತು.

"ಏನಂದೆ? ನಂಗೆ ಕೆಲಸ ಗೊತ್ತಿಲ್ಲ ಅಂದ್ಯಾ? ಕೈಗುಣ ಹೋಯ್ತು ಅನ್ನು, ಒಪ್ಕೋತೀನಿ. ಅದು ಬರೋದು ಹೋಗೋದು ನಮ್ ಕೈಲಿಲ್ಲ. ಎಳೆ ಜೀವ ಸಾಕೋದು ಅಮ್ಮಯಮ್ಮಂಗೆ ಗೊತ್ತಿಲ್ಲ ಅನ್ಬೇಡ. ಆ ಮಾತು ನನ್ ಅತ್ತೆನೂ ಅಂದಿಲ್ಲ!"

ಬಟ್ಟಲು ಎತ್ತಿಕೊಂಡು ಹೋದರು. ದೇವರು ಕೈಗುಣ ಕಿತ್ತುಕೊಂಡರೆ ಅದು ದೇವರ ತಪ್ಪು, ನೀರು ಹೆಚ್ಚಾಗಿದ್ದರೆ ಅದು ಅಮ್ಮಯಮ್ಮನ ತಪ್ಪು. ಅವರು ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದನ್ನು ನಾನು ಮೊದಲೇ ಊಹಿಸಬೇಕಿತ್ತು.

ಇನ್ನು ವಾದ ಮಾಡಿ ಪ್ರಯೋಜನವಿರಲಿಲ್ಲ. ಜಾಲರಿಯ ಕೆಳಗೆಲ್ಲ ಒರೆಸಿ ಒಣಗಿಸಿದೆ. ಉಳಿದ ಮೂರು ಮೊಟ್ಟೆಗಳಿಗೂ ಟಾರ್ಚ್ ಹಿಡಿದು, ಗಾಳಿ ಜಾಗ ಎಲ್ಲಿಗೆ ನಿಂತಿದೆಯೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದೆ. ಮೊಟ್ಟೆಗೆ ಚಿಕ್ಕ ಟೋಪಿ ಹಾಕಿದಷ್ಟೇ ಇತ್ತು ಅದು. ಸಂಜೆ ಊಟಕ್ಕೆ ಕೂತಾಗ ಗೋಡೆಗೆ ಹೇಳುವಂತೆ ಹೇಳಿದೆ, "ಮೊಟ್ಟೆ ಮೇಲೆ ಗೆರೆ ಎಳ್ದಿದೀನಿ. ಟಾರ್ಚ್ ಅಲ್ಲೇ ಇದೆ. ನೀರಿಲ್ದೆ ಮೊಟ್ಟೆ ಸಾಯ್ತದೋ ಉಳೀತದೋ, ಯಾರಾದ್ರೂ ನೋಡೋರಿದ್ರೆ ನೋಡ್ಬೋದು."

ಅತ್ತೆ ಹುಳಿ ಬಡಿಸಿದರು. ಉಪ್ಪು ಹೆಚ್ಚಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ಆಮೇಲಿನ ದಿನಗಳಲ್ಲಿ ಟಾರ್ಚು ನಾನಿಟ್ಟ ಜಾಗದಲ್ಲಿ ಇರುತ್ತಿರಲಿಲ್ಲ. ಒಮ್ಮೆ ಕಿಟಕಿಯಲ್ಲಿ, ಒಮ್ಮೆ ಕಟ್ಟೆಯ ಮೇಲೆ. ಬ್ಯಾಟರಿಯೂ ಇಳಿದುಹೋಯಿತು, ಹೊಸದು ಹಾಕಿಟ್ಟೆ. ಗಾಳಿ ಜಾಗ ಗೆರೆಯನ್ನು ದಾಟಿ ಕೆಳಗಿಳಿಯುತ್ತಿತ್ತು. ನಾನು ಇನ್ನೊಂದು ಗೆರೆ ಎಳೆದೆ. ಅದನ್ನೂ ದಾಟಿತು. ಒಳಗೆ ಮರಿಗಳು ಕದಲುತ್ತಿದ್ದವು. ಹುಳು ನೋಡಿಯೇ ಆಯಸ್ಸು ಸವೆಸಿದ ಕಣ್ಣು ಅತ್ತೆಯದು, ಕಂಡದ್ದನ್ನು ಕಾಣಲಿಲ್ಲ ಎನ್ನಲು ಅದಕ್ಕೆ ಬರುವುದಿಲ್ಲ. ನಾನು ಕಾದೆ.

ಒಂದು ಬೆಳಗ್ಗೆ ನಾನು ಬಸ್ಸಿಗೆ ಓಡುವ ಅವಸರದಲ್ಲಿದ್ದಾಗ ಅತ್ತೆ ಹೊಸ್ತಿಲಲ್ಲಿ ಅಡ್ಡ ನಿಂತರು.

"ಲೇ ಅರ್ಪಿತಾ. ಅದು ಜ್ವರಕ್ಕೆ ಕೂತಿದೆ ಕಣೇ."

"ಯಾವ್ದು?"

"ಮೊಟ್ಟೇನೇ. ಹುಳ ಜ್ವರಕ್ಕೆ ಕೂತಾಗ ನಾವು ಏನ್ ಮಾಡ್ತೀವಿ? ಒದ್ದೆ ಪಟ್ಟಿ ತೆಗ್ದು, ಸುಣ್ಣ ಉದುರ್ಸಿ, ಹಾಸ್ಗೆ ಒಣಗಿಸ್ತೀವಿ. ಆವಾಗ ಪಸೆ ಇದ್ರೆ ಹುಳ ಸತ್ತೋಯ್ತದೆ. ಇದೂ ಹಂಗೇ. ಒಳಗಿರೋಗಂಟ ಇದ್ಕೆ ಜ್ವರ. ಇದನ್ನ ಮೊದ್ಲೇ ಹೇಳ್ಬಾರ್ದಾ? ಗಾಳಿ ಜಾಗ ಅಂತೆ, ಗೆರೆ ಅಂತೆ. ನೆಟ್ಟಗೆ ಹೇಳೋಕೇ ಬರಲ್ಲ ನಿಂಗೆ."

ನಾನು ಬಸ್ ತಪ್ಪಿಸಿಕೊಂಡೆ, ಆದರೂ ದಿನವೆಲ್ಲ ನಗುತ್ತಲೇ ಇದ್ದೆ. ತಪ್ಪು ಒಪ್ಪಿಕೊಂಡದ್ದೂ ಆಯಿತು, ಅದನ್ನು ನನ್ನ ತಲೆಗೆ ಕಟ್ಟಿದ್ದೂ ಆಯಿತು. ಆದರೆ ಮರುದಿನವೂ ಅವರು ಬಚ್ಚಲ ಬಾಗಿಲಲ್ಲೇ ನಿಂತಿದ್ದರು, ಕೈ ಸೆರಗಲ್ಲೇ ಇತ್ತು. ತಿಳಿದದ್ದು ತಲೆಗೆ, ಕೈಗೆ ಇನ್ನೂ ತಿಳಿದಿರಲಿಲ್ಲ.

ಮೊದಲ ಮೊಟ್ಟೆ ಬಿರುಕು ಬಿಟ್ಟದ್ದು ಗುರುವಾರ ಸಂಜೆ. ಕಿವಿ ಹತ್ತಿರ ಹಿಡಿದರೆ ಒಳಗಿಂದ ಸಣ್ಣ ಕೀರಲು ದನಿ. ಮಸ್ತಾನಣ್ಣನಿಗೆ ಫೋನು ಮಾಡಿದೆ, ಸಿಗಲಿಲ್ಲ. ಶುಕ್ರವಾರ ರಜೆ ಹಾಕಿ ಕೂತೆ. ಬೆಳಗ್ಗೆ ಚಿಪ್ಪಿನಲ್ಲಿ ಕಡಲೆಕಾಳಿನಷ್ಟು ತೂತಾಗಿತ್ತು, ಕೊಕ್ಕು ಕಾಣುತ್ತಿತ್ತು. ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಹೊತ್ತೇರುತ್ತ ಮರಿಯ ದನಿ ಕ್ಷೀಣವಾಯಿತು. ತೂತಿನ ಸುತ್ತಲ ಪೊರೆ ಬಿಳಿಚಿಕೊಂಡು ಈರುಳ್ಳಿ ಸಿಪ್ಪೆಯಂತೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತಿತ್ತು. ಮತ್ತೆ ಫೋನು ಮಾಡಿದೆ. ಅವರ ಹೆಂಡತಿ ಹಮೀದಾ ಅಕ್ಕ ಎತ್ತಿದರು. "ನಮಾಜಿಗೆ ಹೋಗವ್ರೆ, ಫೋನ್ ಇಲ್ಲೇ ಬಿಟ್ಟು ಹೋಗವ್ರೆ. ಬಂದ ತಕ್ಷಣ ಮಾಡಿಸ್ತೀನಿ," ಎಂದರು.

ಅತ್ತೆ ಬಾಗಿಲಲ್ಲಿ ನಿಂತಿದ್ದರು, ಒಳಗೆ ಬರಲಿಲ್ಲ. ಅಲ್ಲಿಂದಲೇ ಹೇಳಿದರು. "ಜ್ವರ ಬಿಟ್ಟಿದೆ ಕಣೇ ಅದಕ್ಕೆ. ಪೊರೆ ಬಿಡೋ ಹೊತ್ತು. ಈಗ ಒಣಗಿದ್ರೆ ಪೊರೆ ಸಿಕ್ಕಾಕ್ಕೊಂಡು ಸತ್ತೋಯ್ತದೆ. ಈಗ ಬೇಕು ನೀರು."

ನಾನು ಅವರ ಮುಖ ನೋಡಿದೆ. ನೀರಿನಿಂದಲೇ ಸತ್ತ ಮರಿಗಳನ್ನು ನುಗ್ಗೆಮರದ ಕೆಳಗೆ ಹೂತದ್ದು ಕಣ್ಣ ಮುಂದೆ ಬಂತು. ಹುಳುವಿನ ಲೆಕ್ಕ ಒಮ್ಮೆ ತಪ್ಪಿತ್ತು, ಒಮ್ಮೆ ಸರಿಯಾಗಿತ್ತು. ಈಗ ಯಾವುದು? ಮಸ್ತಾನಣ್ಣ ಆವಾಗಿನ ಕೆಲಸ ಬೇರೆ ಎಂದಿದ್ದು ನೆನಪಾಯಿತು. ಕಣ್ಣೆದುರಿಗೇ ಪೊರೆ ಒಣಗುತ್ತಿತ್ತು. ನಮಾಜು ಮುಗಿಯುವವರೆಗೆ ಮರಿ ಕಾಯುವುದಿಲ್ಲ. ಕಂಡದ್ದನ್ನು ನಂಬಲು ಅತ್ತೆಗೆ ಹೇಳಿದವಳು ನಾನೇ ಅಲ್ಲವೇ?

"ತನ್ನಿ ಅತ್ತೆ ಪಟ್ಟಿ," ಎಂದೆ. "ಪುಕ್ಕನೂ ತನ್ನಿ. ನೀವೇ ಒದ್ದೆ ಮಾಡಿ."

"ನಾ ಮುಟ್ಟಲ್ಲ."

"ಮುಟ್ಬೇಕು. ನಾನು ಮುಟ್ಟಿದ್ರೆ ಕೊಕ್ಕೇ ಮುರಿದಾಕ್ತೀನಿ. ನಂಗೆ ನಲ್ಲಿ ತಿರುಗ್ಸೋಕೂ ಬರಲ್ಲ ಅಂತ ನೀವೇ ಹೇಳಿಲ್ವಾ?"

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಟ್ಟಿ ಪುಕ್ಕ ತೆಗೆದುಕೊಂಡು ಒಳಗೆ ಬಂದರು. ಬೆಚ್ಚಗಿನ ನೀರಲ್ಲಿ ಕೋಳಿಪುಕ್ಕದ ತುದಿ ಅದ್ದಿ, ಕೊಡವಿ, ಕೊಕ್ಕಿಗೆ ಒಂದು ಹನಿಯೂ ತಾಗದ ಹಾಗೆ ಪೊರೆಯ ಅಂಚನ್ನಷ್ಟೇ ಸವರಿದರು. ಇರುವೆಯಷ್ಟು ಹುಳುವನ್ನು ನೋಯಿಸದೆ ಗುಡಿಸಿದ ಕೈ. ಸವರಿದ ಕಡೆಯೆಲ್ಲ ಪೊರೆ ಮೆತ್ತಗಾಗಿ ಮತ್ತೆ ತಿಳಿಯಾಯಿತು. ಜಾಲರಿಯಡಿ ಒದ್ದೆ ಪಟ್ಟಿ ಇಟ್ಟು ಮುಚ್ಚಿದರು. ಚಿಪ್ಪು ಸುಲಿಯಲು ನಾನು ಕೈ ಚಾಚಿದೆ, ಕೈ ಮೇಲೆ ಒಂದೇಟು ಬಿತ್ತು. "ಪೊರೆ ಅದೇ ಬಿಡ್ಬೇಕು. ನೀ ಎಳೀಬಾರ್ದು."

ಮಸ್ತಾನಣ್ಣನ ಫೋನು ಬಂದಾಗ ಮರಿ ಮತ್ತೆ ಚಿಪ್ಪು ಕುಟ್ಟುತ್ತಿತ್ತು. ಮಾಡಿದ್ದೆಲ್ಲ ಹೇಳಿದೆ. "ಅದೇ ಹೇಳೋಕೆ ಫೋನ್ ಮಾಡಿದ್ದು ನಾನು. ಬಿರುಕು ಬಿಟ್ಮೇಲೆ ಪಸೆ ಬೇಕು. ಯಾರ್ ಹೇಳಿದ್ರಮ್ಮ ನಿಂಗೆ?" ಎಂದರು. ಸ್ಪೀಕರ್ ಹಾಕಿತ್ತು. ಅತ್ತೆ ಕೇಳಿಸಿಕೊಳ್ಳದವರಂತೆ ಪುಕ್ಕ ಒರೆಸುತ್ತಿದ್ದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿಪ್ಪು ಎರಡಾಗಿ ಮರಿ ಹೊರಳಿ ಬಿತ್ತು. ಮೈಮೇಲೆ ನೆಟ್ಟಗೆ ರೋಮವಿಲ್ಲ, ಕಣ್ಣು ತೆರೆದಿಲ್ಲ, ಹೊಟ್ಟೆ ಮಾತ್ರ ಗುಂಡಗೆ. ತಲೆ ಎತ್ತಲಾಗದಿದ್ದರೂ ಬಾಯಿ ತೆರೆದು ಕೂಗಿತು. ಬೈರೇಶ್ ಇಯರ್‌ಫೋನ್ ತೆಗೆದು ಓಡಿ ಬಂದರು. ಶನಿವಾರ ಇನ್ನೊಂದು ಬಂತು. ಮೂರನೆಯದು ಬರಲೇ ಇಲ್ಲ, ಅದು ಮೊದಲೇ ನೀರು ಕುಡಿದದ್ದು ಹೆಚ್ಚಾಗಿತ್ತು. ಅದನ್ನೂ ಅತ್ತೆಯೇ ನುಗ್ಗೆಮರದ ಕೆಳಗೆ ಹೂತರು. "ಇದು ನಾ ಮಾಡಿದ್ದು," ಎಂದರು. ಈ ಸಲ ಕೈ ನೋಡಿಕೊಳ್ಳಲಿಲ್ಲ, ಮಣ್ಣು ಮುಚ್ಚಿ ಬಂದು ಮರಿಗಳಿಗೆ ಕುಡಿಸುವ ಹಿಟ್ಟು ಕಲಸಲು ಕೂತರು. ಬೆಚ್ಚಗಿನ ಹಿಟ್ಟನ್ನು ಮಣಿಕಟ್ಟಿನ ಮೇಲೆ ಹಾಕಿ ಶಾಖ ನೋಡಿ, ತುದಿ ಮಡಿಸಿದ ಚಮಚದಿಂದ ತೊಟ್ಟು ತೊಟ್ಟಾಗಿ ಕುಡಿಸಿದರು. ಗಂಟಲ ಚೀಲ ತುಂಬಿದ್ದನ್ನು ಬೆರಳಲ್ಲಿ ಮುಟ್ಟಿ ನೋಡಿ ಸಾಕು ಎಂದರು.

ಭಾನುವಾರ ಬೆಳಗ್ಗೆ ಬೈಲಪ್ಪನ ಹೆಂಡತಿ ನೀರು ಹಾಕಲು ಬಂದಾಗ ಬಚ್ಚಲಲ್ಲಿ ಅತ್ತೆ ಆಗಲೇ ಮಣೆಯ ಮೇಲೆ ಕೂತಿದ್ದರು. ಸೀರೆ ಮೊಣಕಾಲವರೆಗೆ ಎತ್ತಿ ಕಾಲು ಚಾಚಿದ್ದರು.

"ನೀನ್ ಕಾಪಿ ಕುಡ್ಕೊಂಡು ಹೋಗವ್ವ. ನನ್ ಮಗೀಗೆ ನಾನ್ ಹಾಕ್ತೀನಿ," ಎಂದರು.

ರಂಜಿತ ಮಗುವನ್ನು ತಂದು ಅವರ ಕಾಲ ಮೇಲೆ ಮಲಗಿಸಿದಳು. ಅತ್ತೆ ಅಂಗೈಯನ್ನು ಅದರ ಬೆನ್ನ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತರು. ಆಮೇಲೆ ಚೊಂಬಿನಲ್ಲಿ ನೀರು ಸುರಿದರು. ಮಗು ಮನೆ ಹಾರಿಹೋಗುವಂತೆ ಕಿರುಚಿತು, ಹುಳುಮನೆಯಿಂದ ಜೋಡಿಯೂ ಕಿರುಚಿ ಉತ್ತರ ಕೊಟ್ಟಿತು. ಅತ್ತೆ ಯಾರಿಗೂ ಸೊಪ್ಪು ಹಾಕದೆ ತಿಕ್ಕಿದರು, ತಟ್ಟಿದರು, ಮೂಗು ನೀವಿದರು. ಮಗು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು.

"ಲೇ ಅರ್ಪಿತಾ! ಒಣ ಬಟ್ಟೆ ತಾರೇ ಬೇಗ. ಎಳೆ ಜೀವಾನ ಒದ್ದೇಲಿ ಬಿಡ್ಬಾರ್ದು ಅಂತ ಅಷ್ಟೂ ಗೊತ್ತಾಗಲ್ವ ನಿಂಗೆ?"

"ಗೊತ್ತಾಗುತ್ತೆ ಅತ್ತೆ," ಎಂದು ಬಟ್ಟೆ ತಂದುಕೊಟ್ಟೆ. ನನ್ನ ಕಣ್ಣು ತುಂಬಿ ಬಂದದ್ದನ್ನು ಅವರು ನೋಡಿಬಿಟ್ಟರು. ಅದಕ್ಕೂ ಬೈದರು.